ಹಾಲಿನ ಲೆಕ್ಕದ ಪಕ್ಕ ನೋವಿನ ಲೆಕ್ಕ: ನಿಂತು ದುಡಿಯುವವರ ಹಿಮ್ಮಡಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಲೆಕ್ಕವಿದೆ. ಹಾಲು ಒಂದು ಲೀಟರ್, ನೋವು ಏಳು. ಹಾಲು ಒಂದೂವರೆ, ನೋವು ಆರು. ಬೆಳಿಗ್ಗೆ ಮಂಚದಿಂದ ಇಳಿದು ಇಟ್ಟ ಮೊದಲ ಹೆಜ್ಜೆಗೆ ಹತ್ತಕ್ಕೆ ಎಷ್ಟು ಎಂದು ನಾನೇ ಹಾಕಿಕೊಂಡ ಅಂಕಗಳು ಅವು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳಿಗೆ ಅಂಕ ಹಾಕುವ ಚಟ ಮನೆಯಲ್ಲೂ ಬಿಡುವುದಿಲ್ಲ. ಸೊನ್ನೆ ಬಂದರೆ ಪಾಸು ಎನ್ನುವ ಪರೀಕ್ಷೆ ನಾನು ಬರೆದದ್ದು ಇದೊಂದೇ.

ನಾನು ವೈದ್ಯೆಯಲ್ಲ. ಹತ್ತು ತಿಂಗಳು ಹಿಮ್ಮಡಿ ನೋವು ತಿಂದು, ಅದರಲ್ಲಿ ಮೊದಲ ನಾಲ್ಕನ್ನು ಸಿಕ್ಕವರು ಹೇಳಿದ್ದೆಲ್ಲ ಮಾಡಿ ಹಾಳುಮಾಡಿಕೊಂಡು, ಉಳಿದ ಆರರಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಹೇಳಿದ್ದನ್ನು ಮಕ್ಕಳ ಹಾಗೆ ಚಾಚೂತಪ್ಪದೆ ಮಾಡಿ ಸರಿಹೋದವಳು. ಆ ಹತ್ತು ತಿಂಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು: ಪಾದದ ನೋವು ಹೆಚ್ಚಿನ ಪಾಲು ಹೊರೆಯ ಲೆಕ್ಕ ತಪ್ಪಿದ್ದರಿಂದ ಬರುತ್ತದೆ. ಪಾದ ಎಷ್ಟು ಹೊರಬಲ್ಲದೋ ಅದಕ್ಕಿಂತ ಹೆಚ್ಚು ಹೊರಿಸುತ್ತ ಬಂದಿರುತ್ತೇವೆ. ಹಾಗಾಗಿ ಮಾಡಬೇಕಾದ ಕೆಲಸ ಎರಡು. ಮೊದಲು ಹೊರೆ ಇಳಿಸುವುದು, ಆಮೇಲೆ ಪಾದದ ತಾಕತ್ತು ಏರಿಸುವುದು. ನನ್ನ ಮೊದಲ ನಾಲ್ಕು ತಿಂಗಳು ಹಾಳಾದದ್ದು ಎರಡನೆಯದನ್ನು ಯಾರೂ ಹೇಳದೆ ಹೋದದ್ದರಿಂದ.

ಮೊದಲು ಬೆರಳಿಟ್ಟು ತೋರಿಸಿ

‘ಕಾಲು ನೋವು’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಕುರ್ಚಿಯಲ್ಲಿ ಕುಳಿತು ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಳ್ಳಿ. ಒಂದೇ ಬೆರಳಿನಿಂದ ಒತ್ತುತ್ತ, ಎಲ್ಲಿ ಮುಟ್ಟಿದರೆ ಹಲ್ಲು ಕಚ್ಚಬೇಕಾಗುತ್ತದೋ ಆ ಜಾಗ ಹುಡುಕಿ.

ಹಿಮ್ಮಡಿಯ ಅಡಿಭಾಗದಲ್ಲಿ, ಪಾದದ ಕಮಾನು ಶುರುವಾಗುವಲ್ಲಿ, ಒಳಬದಿಗೆ ಒಂದು ಜಾಗವಿದೆ. ಅಲ್ಲಿ ಒತ್ತಿದಾಗ ಚುರುಕ್ ಎಂದರೆ, ಬೆಳಗಿನ ಮೊದಲ ಹೆಜ್ಜೆ ಮೊಳೆ ತುಳಿದಂತಿದ್ದು ಹತ್ತಿಪ್ಪತ್ತು ಹೆಜ್ಜೆಗೆ ಸಡಿಲವಾದರೆ, ಊಟಕ್ಕೆ ಕುಳಿತು ಎದ್ದಾಗ ಮತ್ತೆ ಅದೇ ಕತೆಯಾದರೆ, ಅದು ಬಹುಮಟ್ಟಿಗೆ ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಉದ್ದಕ್ಕಿರುವ ಗಟ್ಟಿ ಪಟ್ಟಿಯ ತೊಂದರೆ. ಹತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುವ ನೋವು ಎನ್ನುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಕೈ ಎತ್ತಲು ಹೇಳಿದರೆ ಆ ಲೆಕ್ಕ ಕಡಿಮೆಯಾಯಿತೆಂದೇ ನನಗೆ ಅನಿಸುತ್ತದೆ. ಈ ಬರಹದ ಹೆಚ್ಚಿನ ಪಾಲು ಇದರ ಬಗ್ಗೆಯೇ.

ಹಿಮ್ಮಡಿಯ ನಟ್ಟನಡುವೆ ನೋವಿದ್ದು, ಬರಿಗಾಲಲ್ಲಿ ಟೈಲ್ಸ್ ಮೇಲೆ ನಡೆದಷ್ಟೂ ಹೆಚ್ಚಾದರೆ, ಅಲ್ಲಿನ ಕೊಬ್ಬಿನ ಮೆತ್ತೆ ಸವೆದಿರುವ ಸಾಧ್ಯತೆ ಇದೆ. ಅದಕ್ಕೆ ಎಳೆತದ ವ್ಯಾಯಾಮಕ್ಕಿಂತ ಮೆತ್ತನೆಯ ಚಪ್ಪಲಿಯೇ ಮುಖ್ಯ. ಹಿಮ್ಮಡಿಯ ಹಿಂಬದಿಯಲ್ಲಿ ನೋವಿದ್ದರೆ ಅದು ಮೀನಖಂಡದಿಂದ ಇಳಿದು ಬರುವ ದಪ್ಪ ಸ್ನಾಯುರಜ್ಜುವಿನ ತಕರಾರು. ಮುಂಗಾಲಿನಲ್ಲಿ, ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಕರೆಂಟ್ ಹೊಡೆದಂತಾದರೆ ನರ ಸಿಕ್ಕಿಕೊಂಡಿರಬಹುದು. ತುದಿ ಕಿರಿದಾದ ಬೂಟನ್ನು ಮೊದಲು ಬಿಡಿ.

ಇವಿದ್ದರೆ ಓದು ನಿಲ್ಲಿಸಿ, ವೈದ್ಯರಲ್ಲಿಗೆ ಹೋಗಿ

ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳ ನಡುವೆ ಹಿಂಡಿದಾಗ ತಡೆಯಲಾರದ ನೋವು ಬಂದರೆ ಎಲುಬಿನಲ್ಲಿ ಸಣ್ಣ ಬಿರುಕಿರಬಹುದು. ದಿಢೀರನೆ ಓಟ ಶುರುಮಾಡಿದವರಲ್ಲಿ, ಶಿವರಾತ್ರಿಗೆಂದು ಅಭ್ಯಾಸವಿಲ್ಲದೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ. ಮಲಗಿದಾಗಲೂ ಬಿಡದ ನೋವು, ಜ್ವರ, ಕೆಂಪಾಗಿ ಊದಿದ ಪಾದ, ಅಂಗಾಲು ಜೋಮು ಹಿಡಿಯುವುದು, ಒಂದೇ ಕಾಲಿನ ಮೀನಖಂಡ ಊದಿ ಬಿಗಿಯಾಗುವುದು: ಇವು ಯಾವುದೂ ಕಾಯುವ ಮಾತಲ್ಲ. ನಲವತ್ತರ ಒಳಗಿನವರಿಗೆ ಎರಡೂ ಹಿಮ್ಮಡಿ ನೋಯುತ್ತ, ಬೆಳಿಗ್ಗೆ ಎದ್ದಾಗ ಸೊಂಟ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ ಅದು ಬೆನ್ನುಮೂಳೆಯ ಒಂದು ಬಗೆಯ ಸಂಧಿವಾತವೂ ಇರಬಹುದು.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಿಮ್ಮ ಪಾದದ ಸ್ಪರ್ಶ ಮಂದವಾಗಿರಬಹುದು, ಅದು ನಿಮಗೆ ಗೊತ್ತಾಗದೆಯೂ ಇರಬಹುದು. ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಪರೀಕ್ಷಿಸುವುದಕ್ಕೆ ವೈದ್ಯರಿಗೆ ಎರಡು ನಿಮಿಷ ಸಾಕು. ಅದಾಗುವವರೆಗೆ ಬಿಸಿನೀರು, ಐಸು, ಬಾಟಲಿ ಉರುಳಿಸುವುದು ಯಾವುದೂ ಬೇಡ. ದಿನವೂ ಸಂಜೆ ಅಂಗಾಲಿಗೆ ಕನ್ನಡಿ ಹಿಡಿದು ಗಾಯ, ಬೊಬ್ಬೆ ಇದೆಯೇ ಎಂದು ನೋಡಿ.

ಪಾದದೊಳಗಿನ ಹಗ್ಗ

ಒಂದು ಪಾದದಲ್ಲಿ 26 ಎಲುಬು, 33 ಕೀಲು. ಎಲುಬುಗಳೆಲ್ಲ ಸೇರಿ ಒಂದು ಕಮಾನು. ಬಿಲ್ಲಿಗೆ ಹೆದೆ ಇದ್ದಂತೆ ಆ ಕಮಾನಿನ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಎಳೆದುಕೊಂಡಿದೆ. ನಡೆಯುವಾಗ ಹಿಮ್ಮಡಿ ಎದ್ದು ಹೆಬ್ಬೆರಳು ಮೇಲಕ್ಕೆ ಬಾಗಿದ ಕ್ಷಣ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡಂತೆ ಈ ಪಟ್ಟಿ ಬೆರಳಿನ ಬುಡಕ್ಕೆ ಸುತ್ತಿ ಬಿಗಿಯುತ್ತದೆ. ಕಮಾನು ಮೇಲೇರುತ್ತದೆ, ಪಾದ ಸೆಟೆದು ನೆಲವನ್ನು ಹಿಂದಕ್ಕೆ ಒದೆಯುತ್ತದೆ. ಹಿಕ್ಸ್ ಎಂಬ ಅಂಗರಚನಾ ತಜ್ಞ 1954ರಲ್ಲಿ ಇದನ್ನು ವಿವರಿಸಿದ. ಈಗಲೇ ಪರೀಕ್ಷಿಸಿ: ನಿಂತುಕೊಂಡು, ಯಾರಾದರೂ ನಿಮ್ಮ ಹೆಬ್ಬೆರಳನ್ನು ಮೇಲಕ್ಕೆತ್ತಲಿ. ಕಮಾನು ತಾನಾಗಿ ಎದ್ದುಬರುವುದು ಕಣ್ಣಿಗೇ ಕಾಣುತ್ತದೆ. ಇದನ್ನು ನಾನು ಒಂಬತ್ತನೆಯ ತರಗತಿಯಲ್ಲಿ ಮಾಡಿ ತೋರಿಸಿದಾಗ ಹುಡುಗರು ಅರ್ಧ ಗಂಟೆ ಒಬ್ಬರ ಕಾಲು ಒಬ್ಬರು ಹಿಡಿದು ಕುಳಿತಿದ್ದರು.

ಗಂಟೆಗಟ್ಟಲೆ ನಿಂತಾಗ ಈ ಹಗ್ಗ ಬಿಡುವಿಲ್ಲದೆ ಎಳೆದುಕೊಂಡೇ ಇರುತ್ತದೆ. ಮೀನಖಂಡ ಬಿಗಿಯಾಗಿ ಕಾಲಿನ ಗಿಣ್ಣು ಸರಿಯಾಗಿ ಬಾಗದಿದ್ದರೆ ಎಳೆತ ಇನ್ನೂ ಜಾಸ್ತಿ. ತೂಕ ಹೆಚ್ಚಿದರೆ ಮತ್ತೂ ಜಾಸ್ತಿ. ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಎಳೆಗಳು ಸವೆದು ಒರಟಾಗುತ್ತವೆ. ಹೆಸರಿನಲ್ಲಿ ಉರಿಯೂತ ಎಂಬ ಅರ್ಥದ ‘ಐಟಿಸ್’ ಇದ್ದರೂ, ಹಳೆಯ ನೋವಿನಲ್ಲಿ ಉರಿಯೂತಕ್ಕಿಂತ ಈ ಸವೆತವೇ ಹೆಚ್ಚು ಕಾಣುತ್ತದೆ. ಬರೀ ನೋವಿನ ಮಾತ್ರೆ ನುಂಗಿದರೆ ಏಕೆ ವಾಸಿಯಾಗುವುದಿಲ್ಲ ಎಂಬುದಕ್ಕೆ ಉತ್ತರವೂ ಇದೇ.

ಇನ್ನು ಎಕ್ಸ್‌ರೇ. ನನಗೂ ತೆಗೆದರು, ಹಿಮ್ಮಡಿಯಲ್ಲಿ ‘ಮೂಳೆ ಬೆಳೆದಿದೆ’ ಎಂದರು. ನಾನು ಒಂದು ವಾರ ಪಾದದೊಳಗೆ ಮುಳ್ಳೊಂದು ಚುಚ್ಚುತ್ತಿದೆ ಎಂದೇ ನಂಬಿ ಹಿಮ್ಮಡಿ ಎತ್ತಿ ಎತ್ತಿ ನಡೆದೆ, ಸೊಂಟನೋವು ಬಡ್ಡಿಯಾಗಿ ಬಂತು. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿಯೂ ಆ ಮೂಳೆ ಇರುತ್ತದೆ. ಮೂಳೆ ಹಾಗೆಯೇ ಇದ್ದು ನೋವು ಹೋಗುತ್ತದೆ. ನನ್ನದು ಈಗಲೂ ಇದೆ.

ಹೆಜ್ಜೆ 1: ಒಂದು ವಾರ ಬರೀ ಲೆಕ್ಕ ಬರೆಯಿರಿ

ಬೆಳಗಿನ ಮೊದಲ ಹೆಜ್ಜೆಗೆ ಹತ್ತಕ್ಕೆ ಎಷ್ಟು ನೋವು, ಹಿಂದಿನ ದಿನ ಸುಮಾರು ಎಷ್ಟು ಹೊತ್ತು ನಿಂತಿದ್ದಿರಿ, ಇಷ್ಟೇ. ಇವತ್ತಿನ ನೋವು ನಿನ್ನೆಯ ಕೆಲಸದ ಫಲ. ಅದಕ್ಕೇ ಆ ಕ್ಷಣ ನೋವಾಯಿತೋ ಇಲ್ಲವೋ ಎಂಬುದಕ್ಕಿಂತ ಮರುದಿನ ಬೆಳಿಗ್ಗೆ ಏನಾಯಿತು ಎಂಬುದು ಮುಖ್ಯ. ನನ್ನ ಕ್ಯಾಲೆಂಡರಿನಲ್ಲಿ ಸೋಮವಾರಗಳೆಲ್ಲ ಏಳು, ಎಂಟು. ಭಾನುವಾರ ಶಾಲೆ ಇಲ್ಲ, ವಿಶ್ರಾಂತಿ ಎಂದುಕೊಂಡಿದ್ದೆ. ನಿಜವಾಗಿ ಭಾನುವಾರವೇ ನಾನು ಅತಿ ಹೆಚ್ಚು ನಿಲ್ಲುತ್ತಿದ್ದ ದಿನ: ಬೆಳಿಗ್ಗೆ ದೋಸೆ, ಮಧ್ಯಾಹ್ನ ನೆಂಟರು, ಸಂಜೆ ವಾರಕ್ಕಾಗುವಷ್ಟು ಇಸ್ತ್ರಿ, ಎಲ್ಲವೂ ಬರಿಗಾಲಲ್ಲಿ, ವಿಟ್ರಿಫೈಡ್ ಟೈಲ್ಸ್ ಮೇಲೆ. ಪಾಪ, ಶಾಲೆಯನ್ನು ನಾಲ್ಕು ತಿಂಗಳು ಸುಮ್ಮನೆ ಬೈದಿದ್ದೆ.

ಹೆಜ್ಜೆ 2: ಹೊರೆ ಇಳಿಸಿ, ಆದರೆ ಮಂಚ ಹಿಡಿಯಬೇಡಿ

ಪೂರ್ತಿ ವಿಶ್ರಾಂತಿ ತೆಗೆದುಕೊಂಡರೆ ನೋವು ತಗ್ಗುತ್ತದೆ, ಪಾದ ಇನ್ನಷ್ಟು ದುರ್ಬಲವಾಗುತ್ತದೆ, ಎದ್ದು ಕೆಲಸಕ್ಕಿಳಿದ ವಾರವೇ ನೋವು ಮರಳುತ್ತದೆ. ಮಾಡಬೇಕಾದದ್ದು ನಿಲ್ಲುವ ಹೊತ್ತನ್ನು ತುಂಡು ಮಾಡುವುದು. ತರಕಾರಿ ಹೆಚ್ಚುವುದು, ಸೊಪ್ಪು ಬಿಡಿಸುವುದು, ಚಪಾತಿ ಲಟ್ಟಿಸುವುದು ಕುಳಿತು ಆಗುವ ಕೆಲಸಗಳು. ಒಲೆಯ ಮುಂದೆ ನಿಲ್ಲಲೇಬೇಕಾದಾಗ ಒಂದು ಕಾಲನ್ನು ಮಣೆಯ ಮೇಲಿಟ್ಟುಕೊಳ್ಳಿ, ಐದು ನಿಮಿಷಕ್ಕೊಮ್ಮೆ ಕಾಲು ಬದಲಿಸಿ. ಊಟದ ಮಣೆ ಟೇಬಲ್ ಬಂದ ಮೇಲೆ ಅಟ್ಟ ಸೇರಿತ್ತು, ಈಗ ನಮ್ಮ ಒಲೆಯ ಬುಡದಲ್ಲಿದೆ. ಹಳೆಯ ಯೋಗ ಮ್ಯಾಟನ್ನು ಎರಡು ಮಡಿಕೆ ಮಾಡಿ ನಿಲ್ಲುವ ಜಾಗಕ್ಕೆ ಹಾಸಬಹುದು. ಅಂಚು ಎದ್ದು ಎಡವದಂತೆ, ನೀರು ಬಿದ್ದು ಜಾರದಂತೆ ನೋಡಿಕೊಳ್ಳಿ.

ಬೆಳಗಿನ ನಡಿಗೆ ಇರುವವರು ಪೂರ್ತಿ ಬಿಡುವುದು ಬೇಡ. ದೂರ ಅರ್ಧ ಮಾಡಿ, ಕಾಂಕ್ರೀಟ್ ರಸ್ತೆ ಬಿಟ್ಟು ಮಣ್ಣಿನ ಮೈದಾನ ಹಿಡಿಯಿರಿ. ಓಟ, ಸ್ಕಿಪ್ಪಿಂಗ್ ಸದ್ಯಕ್ಕೆ ಬೇಡ.

ಹೆಜ್ಜೆ 3: ಮನೆಯೊಳಗೂ ಚಪ್ಪಲಿ

ಇದು ವೈದ್ಯಕೀಯಕ್ಕಿಂತ ಸಾಂಸಾರಿಕ ಸಮಸ್ಯೆ. ‘ಅಡುಗೆಮನೆಗೆ ಚಪ್ಪಲಿಯೇ? ಒಲೆಯ ಮುಂದೆಯೇ?’ ಎಂದು ನಮ್ಮ ಅತ್ತೆ ಕೇಳಿದರು. ಅವರ ಕಾಲದಲ್ಲಿ ಸಗಣಿ ಸಾರಿಸಿದ ನೆಲ, ಆಮೇಲೆ ಕೆಂಪು ಗಾರೆ. ಅದರ ಮೇಲೂ ಅವರು ಹೆಚ್ಚು ಹೊತ್ತು ಕುಳಿತೇ ಕೆಲಸ ಮಾಡಿದ್ದು. ಈಳಿಗೆ ಮಣೆಯಿಂದ ಹಿಡಿದು ಒರಳಿನವರೆಗೆ ಎಲ್ಲವೂ ನೆಲದ ಮೇಲಿದ್ದವು. ಗ್ರಾನೈಟ್ ಕಟ್ಟೆ ಬಂದು ಅಡುಗೆಯವರನ್ನು ಎಬ್ಬಿಸಿ ನಿಲ್ಲಿಸಿತು, ನೆಲ ಮಾತ್ರ ಕಲ್ಲಾಯಿತು. ಇದನ್ನು ಹೀಗೆ ವಿವರಿಸಿದ ಮೇಲೆ ಒಂದು ರಾಜಿಯಾಯಿತು: ಹೊಸ ಜೋಡಿ, ಹೊಸ್ತಿಲು ದಾಟುವಂತಿಲ್ಲ, ಬಚ್ಚಲಿಗೂ ಒಯ್ಯುವಂತಿಲ್ಲ, ದೇವರ ಕೋಣೆಯ ಮುಂದೆ ಬಿಡಬೇಕು.

ಯಾವ ಚಪ್ಪಲಿ? ಸವೆದು ತೆಳ್ಳಗಾದ ಹವಾಯಿ ಚಪ್ಪಲಿ ಪ್ರಯೋಜನವಿಲ್ಲ. ಅಂಗಡಿಯವರು ‘ಡಾಕ್ಟರ್ ಚಪ್ಪಲಿ’ ಎಂದು ತೋರಿಸುವುದರಲ್ಲಿ ಎಂಸಿಆರ್ (ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ) ರಬ್ಬರಿನದು ಮನೆಯೊಳಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿ ನೋಡಿ: ತಗ್ಗಿ ಮೇಲೇಳಬೇಕು, ಹಿಟ್ಟಿನಂತೆ ಒಳಗೆ ಹೂತುಹೋಗಬಾರದು. ಹಿಂಬದಿಗೆ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ಚಪ್ಪಲಿ ಜಾರದಂತೆ ಬೆರಳು ಮಡಚಿ ಹಿಡಿಯುವ ಶ್ರಮ ಪಾದಕ್ಕೆ ತಪ್ಪುತ್ತದೆ.

ಹೊರಗಿನ ಬೂಟು ಕೊಳ್ಳುವಾಗ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಊದಿ ತನ್ನ ನಿಜವಾದ ಅಳತೆಗೆ ಬಂದಿರುತ್ತದೆ. ನಿಂತು ಅಳತೆ ಕೊಡಿ, ಎರಡೂ ಪಾದದ್ದು. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗವಿರಲಿ. ಬೂಟನ್ನು ಕೈಯಲ್ಲಿ ಮಡಚಿದರೆ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುಮಧ್ಯೆ ಎರಡಾಗಬಾರದು. ಒದ್ದೆ ಬಟ್ಟೆಯಂತೆ ಹಿಂಡಲು ಬಂದರೆ ವಾಪಸ್ ಇಡಿ. ಅಥಣಿ, ನಿಪ್ಪಾಣಿ ಕಡೆಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ನನಗೆ ಬಹಳ ಇಷ್ಟ. ಆದರೆ ಅದರ ಚಪ್ಪಟೆ ಚರ್ಮದ ಅಟ್ಟೆ ನೋವಿರುವ ಹಿಮ್ಮಡಿಗೆ ಅಲ್ಲ, ವಾಸಿಯಾದ ಮೇಲೆ ಮದುವೆ ಮನೆಗೆ. ಬೂಟಿನೊಳಗೆ ಹಾಕುವ ಸಿಲಿಕೋನ್ ಹಿಮ್ಮಡಿ ಬಟ್ಟಲು ಅಥವಾ ಸಿದ್ಧ ಇನ್ಸೋಲ್ ಸಾಕು. ಸಾವಿರಾರು ರೂಪಾಯಿ ಕೊಟ್ಟು ಅಚ್ಚು ತೆಗೆಸಿ ಮಾಡಿಸಿದ್ದು ಸಿದ್ಧ ಇನ್ಸೋಲಿಗಿಂತ ಹೆಚ್ಚಿನವರಿಗೆ ಹೆಚ್ಚೇನೂ ಮಾಡುವುದಿಲ್ಲ.

ಹೆಜ್ಜೆ 4: ಕಾಲು ಕೆಳಗಿಡುವ ಮುನ್ನ

ರಾತ್ರಿಯಿಡೀ ಪಾದ ಕೆಳಮುಖವಾಗಿ ಬಾಗಿ, ಪಟ್ಟಿ ಸಡಿಲಾಗಿ ಮುದುಡಿರುತ್ತದೆ. ಎದ್ದೊಡನೆ ಅದರ ಮೇಲೆ ಇಡೀ ಮೈಭಾರ ಬಿಟ್ಟರೆ ಚುಚ್ಚದೆ ಇನ್ನೇನು? ಮಂಚದ ಅಂಚಿನಲ್ಲಿ ಕುಳಿತು ನೋಯುವ ಪಾದವನ್ನು ಇನ್ನೊಂದು ಮೊಣಕಾಲಿನ ಮೇಲಿಡಿ. ಐದೂ ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಮುಟ್ಟಿದರೆ ಪಟ್ಟಿ ತಂಬೂರಿಯ ತಂತಿಯಂತೆ ಬಿಗಿದಿರುವುದು ತಿಳಿಯಬೇಕು. ತಿಳಿಯದಿದ್ದರೆ ಎಳೆದದ್ದು ಸಾಲದು. ಹತ್ತು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ದಿನಕ್ಕೆ ಮೂರು ಬಾರಿ. ಬೆಳಗಿನದು ನೆಲ ಮುಟ್ಟುವ ಮುಂಚೆಯೇ ಆಗಬೇಕು.

ಜೊತೆಗೆ ಮೀನಖಂಡ. ಗೋಡೆಗೆ ಎರಡೂ ಕೈ ಕೊಟ್ಟು ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಊರಿ, ಮೊಣಕಾಲು ನೆಟ್ಟಗಿಟ್ಟು ಮುಂದಕ್ಕೆ ವಾಲಿ. ಮೂವತ್ತು ಸೆಕೆಂಡ್, ಮೂರು ಸಲ. ಬಳಿಕ ಹಿಂದಿನ ಮೊಣಕಾಲನ್ನು ತುಸು ಬಾಗಿಸಿ ಅದನ್ನೇ ಮಾಡಿ, ಎಳೆತ ಕೆಳಗಿಳಿದು ಹಿಮ್ಮಡಿಯ ಹತ್ತಿರ ಬರುತ್ತದೆ. ಹಿಂದಿನ ಪಾದದ ಬೆರಳು ಹೊರಮುಖವಾಗಿ ತಿರುಗದಿರಲಿ. ಎಲ್ಲರೂ ಕಳ್ಳಾಟವಾಡುವುದು ಅಲ್ಲಿಯೇ.

ಹೆಜ್ಜೆ 5: ಮೆಟ್ಟಿಲು, ಟವೆಲು, ಉತ್ತರ ಪತ್ರಿಕೆಗಳ ಕಟ್ಟು

ನನ್ನನ್ನು ನಿಜವಾಗಿ ಮೇಲೆತ್ತಿದ್ದು ಇದು. ಎಳೆತದಿಂದ ನೋವು ಆರರಿಂದ ನಾಲ್ಕಕ್ಕೆ ಬಂದು ನಿಂತುಬಿಟ್ಟಿತ್ತು.

ಮನೆಯ ಮೆಟ್ಟಿಲಿನ ಅಂಚಿನಲ್ಲಿ ಟವೆಲನ್ನು ಸುರುಳಿ ಸುತ್ತಿಡಿ. ಬೆರಳುಗಳನ್ನು ಟವೆಲಿನ ಮೇಲಿಟ್ಟು, ಅವು ಮೇಲಕ್ಕೆ ಬಾಗಿರುವಂತೆ ಒಂಟಿ ಕಾಲಿನಲ್ಲಿ ನಿಲ್ಲಿ. ಹಿಮ್ಮಡಿ ಮೆಟ್ಟಿಲಿನಿಂದ ಹೊರಗೆ ಚಾಚಿರಲಿ. ಕಂಬಿ ಹಿಡಿದುಕೊಳ್ಳಿ. ಮೂರು ಎಣಿಸುತ್ತ ಹಿಮ್ಮಡಿ ಮೇಲೆತ್ತಿ, ಮೇಲೆ ಎರಡು ಎಣಿಕೆ ನಿಲ್ಲಿ, ಮೂರು ಎಣಿಸುತ್ತ ಕೆಳಗಿಳಿಸಿ. ಹನ್ನೆರಡು ಸಲ ಮಾಡಿದರೆ ಒಂದು ಸುತ್ತು, ಅಂಥ ಮೂರು ಸುತ್ತು. ದಿನ ಬಿಟ್ಟು ದಿನ ಮಾತ್ರ. ಒಂಟಿ ಕಾಲಿನಲ್ಲಿ ಆಗದಿದ್ದರೆ ಎರಡೂ ಕಾಲಿನಿಂದ ಶುರುಮಾಡಿ, ನಾನೂ ಹಾಗೆಯೇ ಮಾಡಿದ್ದು.

ಎರಡು ವಾರದ ನಂತರ ಬೆನ್ನಿಗೆ ಚೀಲ ಹಾಕಿ ಭಾರ ಸೇರಿಸಿ, ಹತ್ತರಂತೆ ನಾಲ್ಕು ಸುತ್ತು. ಇನ್ನೆರಡು ವಾರದ ಬಳಿಕ ಭಾರ ಏರಿಸಿ ಎಂಟರಂತೆ ಐದು ಸುತ್ತು. ಸುತ್ತಿನ ಕೊನೆಯ ಒಂದೆರಡು ಎತ್ತುಗಳು ಕಷ್ಟವೆನಿಸಬೇಕು, ಅಷ್ಟು ಭಾರ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಎರಡು ಕಟ್ಟು ಹಾಕಿದಾಗ ಹೆಚ್ಚುಕಡಿಮೆ ಐದು ಕಿಲೋ ಬಂತು. ತಿದ್ದುವುದಕ್ಕಿಂತ ಹೊರುವುದೇ ಸುಲಭ ಎಂದು ಆಗ ಗೊತ್ತಾಯಿತು.

ಮಾಡುವಾಗ ನೋವು ಬರುತ್ತದೆ. ಹತ್ತಕ್ಕೆ ನಾಲ್ಕರೊಳಗಿದ್ದರೆ ಮುಂದುವರಿಸಿ. ಮರುದಿನ ಬೆಳಗಿನ ಅಂಕ ಹೆಚ್ಚಾದರೆ ಮುಂದಿನ ಸಲ ಒಂದು ಸುತ್ತು ಕಡಿಮೆ ಮಾಡಿ. ಮೂರು ತಿಂಗಳು ಕೊಡಿ. ಮೊದಲ ತಿಂಗಳಲ್ಲಿ ಅಂಕಪಟ್ಟಿ ಏರಿಳಿಯುತ್ತದೆ, ನಿರಾಸೆ ಬೇಡ. ವಾರದ ಸರಾಸರಿ ನೋಡಿ, ದಿನದ್ದಲ್ಲ.

ಎಕ್ಕದೆಲೆ, ಐಸು, ಇಂಜೆಕ್ಷನ್

ಹಿಮ್ಮಡಿ ನೋವು ಎಂದೊಡನೆ ಎಕ್ಕದ ಎಲೆ ಹೇಳದವರು ಇಲ್ಲ. ಇಟ್ಟಿಗೆ ಕಾಯಿಸಿ, ಮೇಲೆ ಎಲೆ ಇಟ್ಟು, ಅದರ ಮೇಲೆ ಹಿಮ್ಮಡಿ ಒತ್ತುವುದು. ನಾನೂ ಮಾಡಿದೆ. ಶಾಖ ಹಿತವಾಗಿತ್ತು, ಮರುದಿನ ನೋವು ಎಂದಿನಷ್ಟೇ. ಮಾಡುವುದಾದರೆ ಎಚ್ಚರ: ಎಕ್ಕದ ಹಾಲು ಚರ್ಮವನ್ನು ಕೆರಳಿಸುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಸಕ್ಕರೆ ಕಾಯಿಲೆಯವರು ಆ ಇಟ್ಟಿಗೆಯ ಹತ್ತಿರವೂ ಹೋಗಬಾರದು. ಸಂಜೆಯ ನೋವಿಗೆ ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು, ಬಟ್ಟೆ ಸುತ್ತಿ, ಅಂಗಾಲಿನಡಿ ಹತ್ತು ನಿಮಿಷ ಉರುಳಿಸಬಹುದು. ಇದೂ ಉಪಶಮನ ಮಾತ್ರ.

ನೋವಿನ ಮಾತ್ರೆಯನ್ನು ಬಿಪಿ, ಮೂತ್ರಪಿಂಡ ಅಥವಾ ಹೊಟ್ಟೆಹುಣ್ಣಿನ ತೊಂದರೆ ಇರುವವರು ಕೇಳದೆ ನುಂಗಬೇಡಿ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಒಳ್ಳೆಯ ಆರಾಮ ಕೊಡಬಹುದು, ಆದರೆ ಪದೇಪದೇ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬು ಕರಗುವ ಅಪಾಯವಿದೆ. ನೋವು ಹೋಯಿತೆಂದು ಅದೇ ವಾರ ಜಾತ್ರೆ ಸುತ್ತಿದರೆ ಅಪಾಯ ಇನ್ನೂ ಹೆಚ್ಚು. ಶಸ್ತ್ರಚಿಕಿತ್ಸೆಯ ತನಕ ಹೋಗುವವರು ತೀರ ಕಡಿಮೆ, ಹೆಚ್ಚಿನವರಿಗೆ ಒಂದು ವರ್ಷದೊಳಗೆ ಕಡಿಮೆಯಾಗುತ್ತದೆ.

ನಿಲ್ಲಲೇಬೇಕಾದ ಕೆಲಸ

ಮೇಲಿನದೆಲ್ಲ ಮಾಡಿಯೂ ದಿನಕ್ಕೆ ಹತ್ತು ಗಂಟೆ ಕುಳಿತುಕೊಳ್ಳಲು ಬಿಡದ ಕೆಲಸದಲ್ಲಿದ್ದರೆ ತಪ್ಪು ನಿಮ್ಮ ಪಾದದ್ದಲ್ಲ. ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಆಸನ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಕೇರಳದ ಬಟ್ಟೆ ಅಂಗಡಿಗಳ ಮಾರಾಟಗಾರ್ತಿಯರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕು ಬಂತು, 2021ರಲ್ಲಿ ತಮಿಳುನಾಡಿನಲ್ಲಿಯೂ. ನಿಮ್ಮ ಅಂಗಡಿಯ ಯಜಮಾನರಿಗೆ ಒಂದು ಸ್ಟೂಲಿನ ಬೆಲೆ ಎಷ್ಟೆಂದು ನೆನಪಿಸುವುದರಲ್ಲಿ ನಾಚಿಕೆಯೇನೂ ಇಲ್ಲ.

ಸ್ಟೂಲು ಸಿಗುವವರೆಗೆ: ಅಲುಗಾಡದೆ ನಿಲ್ಲಬೇಡಿ. ಮೀನಖಂಡ ಹಿಗ್ಗಿ ಕುಗ್ಗಿದರೇನೇ ಕಾಲಿನ ರಕ್ತ ಸಲೀಸಾಗಿ ಮೇಲೇರುವುದು. ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿಳಿಸಿ, ಕಪಾಟಿನ ಹಿಂದೆ ಯಾರಿಗೂ ಕಾಣುವುದಿಲ್ಲ. ಸಾಧ್ಯವಿದ್ದರೆ ಮಧ್ಯಾಹ್ನ ಬೂಟು ಬದಲಿಸಿ. ಊಟದ ಬಿಡುವಿನಲ್ಲಿ ಕಾಲನ್ನು ಎದುರಿನ ಕುರ್ಚಿಯ ಮೇಲಿಟ್ಟುಕೊಳ್ಳಿ.

ಕಳೆದ ಮಾರ್ಚಿನಲ್ಲಿ ನನಗೆ ಎಸ್ಸೆಸ್ಸೆಲ್ಸಿ ಕೊಠಡಿ ಮೇಲ್ವಿಚಾರಣೆ ಬಿತ್ತು. ದಿನಕ್ಕೆ ಮೂರು ಗಂಟೆಗೂ ಮಿಕ್ಕಿ, ಕುಳಿತರೆ ಕಣ್ಣು ತಪ್ಪುತ್ತದೆ. ಬಿಟ್ಟಿದ್ದ ಮೆಟ್ಟಿಲಿನ ವ್ಯಾಯಾಮವನ್ನು ಎರಡು ವಾರ ಮುಂಚಿನಿಂದಲೇ ಮತ್ತೆ ಹಿಡಿದೆ, ಮೆತ್ತನೆಯ ಅಟ್ಟೆಯ ಬೂಟು ಹಾಕಿದೆ, ಸಾಲುಗಳ ನಡುವೆ ನಡೆಯುತ್ತಲೇ ಇದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ನಾನು ಅವನನ್ನೇ ಹದ್ದುಗಣ್ಣಿನಿಂದ ಕಾಯುತ್ತಿದ್ದೇನೆಂದು ಬೆವರುತ್ತಿದ್ದ, ನಾನು ಹಿಮ್ಮಡಿ ಎತ್ತಿಳಿಸುವುದನ್ನು ಹದಿನೆಂಟು, ಹತ್ತೊಂಬತ್ತು ಎಂದು ಎಣಿಸುತ್ತಿದ್ದೆ. ಮರುದಿನ ಕ್ಯಾಲೆಂಡರಿನಲ್ಲಿ ಬರೆದದ್ದು: ಹಾಲು ಒಂದು ಲೀಟರ್, ನೋವು ಒಂದು.